ಮೊದಲ ಕರೆಗೆ ಓಗೊಡುವವರು

ಆರನೇ ಕ್ಲಾಸಿನ ದೀಪಶ್ರೀಗೆ ಕಿವಿ ಮಂದ ಎಂದೇ ಹೊಸ ಟೀಚರ್ ಶ್ರೀಪ್ರಿಯಾ ತಿಳಿದಿದ್ದಳು. ತಿಳಿಯದೆ ಇನ್ನೇನು ಮಾಡುವುದು? ಹಾಜರಿ ಕರೆಯುವಾಗ ಉಳಿದ ಮಕ್ಕಳು ಹೆಸರು ಪೂರ್ತಿಯಾಗುವ ಮೊದಲೇ "ಯೆಸ್ ಟೀಚರ್" ಎಂದು ಕಿರುಚುತ್ತಿದ್ದರು. ಈ ಹುಡುಗಿ ಮಾತ್ರ ಗೋಡೆ ಬದಿಯ ಬೆಂಚಿನಲ್ಲಿ ನೆಟ್ಟಗೆ ಕುಳಿತು, ಟೀಚರ ಮುಖವನ್ನೇ ನೋಡುತ್ತಾ, ತುಟಿ ಬಿಗಿಹಿಡಿದು ಸುಮ್ಮನಿರುತ್ತಿದ್ದಳು. ಎರಡನೇ ಸಲ ಕರೆದರೆ ತಟ್ಟನೆ ಉತ್ತರ. ದಿನವೂ ಇದೇ ಕತೆ. ಸಾಲದ್ದಕ್ಕೆ, ಆ ಎರಡು ಕರೆಗಳ ನಡುವೆ ಇಡೀ ಕ್ಲಾಸು ತಣ್ಣಗಾಗಿಬಿಡುತ್ತಿತ್ತು. ಬೆಂಚಿನಡಿ ಕಾಲು ಅಲ್ಲಾಡಿಸುತ್ತಿದ್ದವರೂ ಕಾಲು ನಿಲ್ಲಿಸುತ್ತಿದ್ದರು.

ಆರೋಗ್ಯ ತಪಾಸಣೆಗೆಂದು ಶಾಲೆಗೆ ಡಾಕ್ಟರು ಬಂದಾಗ ಶ್ರೀಪ್ರಿಯಾ ಹುಡುಗಿಯನ್ನು ಮುಂದೆ ತಳ್ಳಿ ನಿಲ್ಲಿಸಿದಳು. ಅವರು ಎರಡೂ ಕಿವಿ ನೋಡಿ, ಹಿಂದೆ ನಿಂತು ಪಿಸುಗುಟ್ಟಿ, ಚಿಟಿಕೆ ಹೊಡೆದು, "ಇವಳಿಗೆ ಎಂತ ಆಗ್ಲಿಲ್ಲ ಟೀಚರ್, ಕಿವಿ ನನ್ನದಕ್ಕಿಂತ ಚುರುಕುಂಟು" ಎಂದು ನಕ್ಕರು. ಹಾಗಾದರೆ ಇದು ಹಟ ಎಂದು ಶ್ರೀಪ್ರಿಯಾ ತೀರ್ಮಾನಿಸಿದಳು. ಹೊಸ ಟೀಚರುಗಳು ಹಾಗೆಯೇ. ಒಂದೋ ಕಾಯಿಲೆ, ಇಲ್ಲವೇ ಹಟ. ಮೂರನೆಯದೊಂದು ಇರಬಹುದೆಂದು ಅವರಿಗೆ ಹೊಳೆಯುವುದೇ ಇಲ್ಲ.

ಮೂಡಬಿದ್ರೆಯವಳಾದ ಶ್ರೀಪ್ರಿಯಾಳಿಗೆ ಇದು ಮೊದಲ ಸರಕಾರಿ ಕೆಲಸ. ಕಕ್ಕಿಂಜೆಯಲ್ಲಿ ಒಂದು ಬಾಡಿಗೆ ಕೋಣೆ ಹಿಡಿದು, ಅಲ್ಲಿಂದ ಒಳಗೆ ನೀರಪಲ್ಕೆಯೆಂಬ ಈ ಊರಿಗೆ ದಿನಾ ಜೀಪಿನಲ್ಲಿ ಜೋತುಬಿದ್ದು ಬರುತ್ತಿದ್ದಳು. ಗುಡ್ಡದ ಬುಡದ ಶಾಲೆ, ಬೆರಳೆಣಿಕೆಯ ಮಕ್ಕಳು, ನಾಲ್ಕು ಅಕ್ಷರ ಕಲಿಸಿದರೆ ದೊಡ್ಡದು ಎಂದುಕೊಂಡು ಬಂದವಳು ಬಾಯಿ ಬಿಟ್ಟು ನಿಂತಳು. ಅಲ್ಲಿ ಸಂಜೆಯ ಗಂಟೆ ಬಾರಿಸಿದರೆ ಮಕ್ಕಳು ಮನೆಗೆ ಓಡುವುದಿಲ್ಲ, ಅಂಗಳಕ್ಕೆ ಓಡುತ್ತಾರೆ! ಒಂದು ದಿನ ಕಕ್ಕಿಂಜೆಯ ಟೈಲರೊಬ್ಬರು ಅಂಗಡಿ ಮುಚ್ಚಿ ಬಂದು ಚೆಂಡೆ ಕಲಿಸುತ್ತಾರೆ. ಇನ್ನೊಂದು ದಿನ ತಾಯಂದಿರು ಬಂದು ತೊಂಡೆ ಚಪ್ಪರ ಕಟ್ಟಿಸುತ್ತಾರೆ. ರಬ್ಬರ್ ಹಾಲು ತೆಗೆಯುವ ಧರ್ಣಪ್ಪ ಹಳೆವಿದ್ಯಾರ್ಥಿ ಸಂಘದ ಅಧ್ಯಕ್ಷ. ಅವನೇ ಖೋ ಖೋ ಮಾಸ್ಟ್ರು. ಅಂಗಳವನ್ನು ಊರವರೇ ಗುದ್ದಲಿ ಹಿಡಿದು ಸಮತಟ್ಟು ಮಾಡಿದ್ದಂತೆ. ಕೊನೆಗೆ ದೊಡ್ಡವರೊಬ್ಬರ ಹಿಂದೆ ಸಾಲು ಹಿಡಿದು ಮಕ್ಕಳೆಲ್ಲ ಒಟ್ಟಿಗೇ ಮನೆಗೆ ಹೋಗುವುದು. ಲೆಕ್ಕ ಬಾರದವನು ಚೆಂಡೆಯ ಪೆಟ್ಟಿನಲ್ಲಿ ಮಗ್ಗಿ ಹೇಳುತ್ತಿದ್ದ. ಓದಲು ತಡವರಿಸುವವಳು ತೋಟದ ಗಿಡಗಳ ಹೆಸರನ್ನು ತಪ್ಪಿಲ್ಲದೆ ಬರೆಯುತ್ತಿದ್ದಳು.

"ಇಷ್ಟು ಪ್ರೀತಿ ಇರುವ ಊರು ನಾನು ನೋಡಿಲ್ಲ ಸರ್" ಎಂದು ಒಂದು ದಿನ ಹೆಡ್‌ಮಾಸ್ಟರ್ ಜತ್ತಪ್ಪನವರ ಹತ್ತಿರ ಹೇಳಿದಳು.

ಜತ್ತಪ್ಪನವರು ಕನ್ನಡಕ ತೆಗೆದು ಒರೆಸಿದರು. "ಪ್ರೀತಿಯಿಂದ ಶುರುವಾದದ್ದಲ್ಲ ಟೀಚರ್ ಇದು. ಹೆದರಿಕೆಯಿಂದ."

ಎರಡು ಮಳೆಗಾಲದ ಹಿಂದೆ ಶಾಲೆಯ ಹುಡುಗಿಯೊಬ್ಬಳು ಮನೆಗೆ ಹೋಗುವಾಗ ತೋಡಿಗೆ ಅಡ್ಡ ಹಾಕಿದ ಮರದ ಕಾಲುಸಂಕದಿಂದ ಜಾರಿ ನೀರುಪಾಲಾದಳು. ಬಿಸಿಯೂಟ ಮಾಡುವ ಪೂವಮ್ಮನ ಒಬ್ಬಳೇ ಮಗಳು. ಆಮೇಲೆ ಯಾರೂ ಮಕ್ಕಳನ್ನು ಕಳಿಸಲೊಲ್ಲರು. ಗಂಡಸರು ಕೆಲಸ ಮುಗಿಸಿ ಬಂದು ಕರೆದುಕೊಂಡು ಹೋಗುವ ತನಕ ಮಕ್ಕಳನ್ನು ಶಾಲೆಯಲ್ಲೇ ಇಟ್ಟುಕೊಳ್ಳುವುದೆಂದು ತೀರ್ಮಾನವಾಯಿತು. "ಎಷ್ಟೂಂತ ಸುಮ್ಮನೆ ಕೂರಿಸುವುದು, ಹೇಳಿ? ಒಬ್ಬರು ಚೆಂಡೆ ತಂದರು. ಧರ್ಣಪ್ಪ ಕಂಬ ಹುಗಿದ. ಹಾಗೆ ಶುರುವಾದದ್ದು. ಈಗ ಸಿಮೆಂಟಿನ ಸಂಕ ಆಗಿದೆ, ಆದ್ರೂ ಯಾರೂ ನಿಲ್ಲಿಸ್ಲಿಲ್ಲ."

"ಆ ಹುಡುಗಿಯ ಹೆಸರು?"

"ದೀಪಶ್ರೀ" ಎಂದರು ಜತ್ತಪ್ಪನವರು. ಶ್ರೀಪ್ರಿಯಾಳ ಮುಖ ನೋಡಿ, "ಈಗ ಇರುವವಳು ಬೇರೆ. ಇವಳು ನರಿಕೊಂಬಿನವಳು. ಅಲ್ಲಿ ಮನೆ ಕಟ್ಟಿಸ್ತಾ ಇದ್ದಾರೆ, ಅದಕ್ಕೆ ಈ ವರ್ಷ ಮಾವ ಹುಕ್ರಪ್ಪನ ಮನೆಯಲ್ಲಿ ಇದ್ದಾಳೆ. ಹೆಸರು ಒಂದೇ ಆದದ್ದು ನಮ್ಮ ಗ್ರಹಚಾರ, ಅಷ್ಟೆ" ಎಂದು ಫೈಲು ಎಳೆದುಕೊಂಡರು.

ಇದಾಗಿ ಒಂದು ವಾರವೂ ಕಳೆದಿರಲಿಲ್ಲ. ಸೋಮವಾರ ಬೆಳಿಗ್ಗೆ, ಹೊರಗೆ ಒಳ್ಳೆಯ ಬಿಸಿಲು. ಶ್ರೀಪ್ರಿಯಾ ತಲೆ ತಗ್ಗಿಸಿ ಹಾಜರಿ ಕರೆಯುತ್ತಿದ್ದಳು. ದೀಪಶ್ರೀ ಎಂದಳು. "ಓ" ಎಂಬ ಉತ್ತರ ಬಂತು. ಮೆಲ್ಲಗೆ, ಗದ್ದೆಯಾಚೆಯಿಂದ ಅಮ್ಮ ಕರೆದರೆ ಮನೆಮಕ್ಕಳು ಹೇಳುವ ಹಾಗೆ. ಅಬ್ಬ, ಇವತ್ತಾದರೂ ಒಂದೇ ಸಲಕ್ಕೆ ಬಾಯಿ ಬಿಟ್ಟಳಲ್ಲ ಎಂದುಕೊಂಡು ಶ್ರೀಪ್ರಿಯಾ ಗುರುತು ಹಾಕಿ ತಲೆ ಎತ್ತಿದಳು. ಗೋಡೆ ಬದಿಯ ಬೆಂಚಿನಲ್ಲಿ ಹುಡುಗಿ ಇರಲಿಲ್ಲ. ಅವಳು ಆ ದಿನ ಶಾಲೆಗೇ ಬಂದಿರಲಿಲ್ಲ.

"ಯಾರು ಓ ಅಂದದ್ದು?" ಎಂದು ಕೇಳಿದಳು. ಮಕ್ಕಳೆಲ್ಲ ಡೆಸ್ಕು ನೋಡುತ್ತಾ ಕುಳಿತಿದ್ದರು. "ತಮಾಷೆ ಮಾಡ್ತೀರಾ? ಯಾರು, ಎದ್ದು ನಿಲ್ಲಿ!"

ಕೊನೆಗೆ ಶುಭಶ್ರೀ ಎದ್ದಳು. ಕ್ಲಾಸಿನ ಲೀಡರ್, ಯಾವುದಕ್ಕೂ ಹೆದರದ ಹುಡುಗಿ. ಊರಿನ ಬಸ್ಸಿನ ಸಮಯ ಹೇಳುವಷ್ಟೇ ಸಾದಾ ದನಿಯಲ್ಲಿ ಹೇಳಿದಳು: "ನಮ್ಮಲ್ಲಿ ಯಾರೂ ಅಲ್ಲ ಟೀಚರ್. ಅದು ಮೊದಲಿನ ದೀಪಶ್ರೀ. ಮೊದಲ ಸಲ ಕರೆದ್ರೆ ಅವಳು ಹೇಳ್ತಾಳೆ. ಎರಡನೇ ಸಲ ಇವಳು."

ಗದರಿಸಬೇಕು, ಮೂಢನಂಬಿಕೆ ಎಂದು ಪಾಠ ಮಾಡಬೇಕು ಎಂದೆಲ್ಲ ಶ್ರೀಪ್ರಿಯಾಳಿಗೆ ಅನಿಸಿತು. ಆದರೆ ಆ ಓ ಅವಳಿಗೂ ಕೇಳಿತ್ತು. ಅಲ್ಲದೆ ಈ ಸೀಮೆಯ ಅಜ್ಜಿಯಂದಿರು ಮಕ್ಕಳಿಗೆ ಹೇಳಿಕೊಡುವ ಮಾತು ಅವಳಿಗೂ ಗೊತ್ತಿದ್ದದ್ದೇ. ಹೊರಗಿನಿಂದ ಯಾರಾದರೂ ಹೆಸರು ಹಿಡಿದು ಕರೆದರೆ ಮೊದಲ ಕರೆಗೆ ಓಗೊಡಬಾರದು. ಕುಲೆ, ಎಂದರೆ ಸತ್ತವರ ಜೀವ, ಒಂದೇ ಸಲ ಕರೆಯುತ್ತದೆ. ಓ ಎಂದರೆ ಕೊಂಡುಹೋಗುತ್ತದೆ. ಬದುಕಿರುವವರಾದರೆ ಇನ್ನೊಮ್ಮೆ ಕರೆದೇ ಕರೆಯುತ್ತಾರೆ. ಡಿ.ಎಡ್. ಮಾಡಿ, ಪರೀಕ್ಷೆ ಬರೆದು, ರ‍್ಯಾಂಕ್ ಪಟ್ಟಿಯಲ್ಲಿ ಬಂದ ಶ್ರೀಪ್ರಿಯಾಳಿಗೆ ಇದನ್ನು ನಂಬುವ ದರ್ದು ಇರಲಿಲ್ಲ. ಆದರೆ ಆ ಶನಿವಾರ ಊರಿಗೆ ಹೋದಾಗ ಅಡುಗೆ ಮನೆಯಿಂದ ಅಮ್ಮ "ಶ್ರೀ" ಎಂದು ಕರೆದಳು. ಶ್ರೀಪ್ರಿಯಾ ಉತ್ತರಿಸದೆ ಕಾದಳು. ಎರಡನೇ ಸಲ ಕರೆದ ಮೇಲೆಯೇ ಬಂದೆ ಎಂದಳು.

"ನಿನ್ನ ಕಿವಿಗೆ ಎಂತ ಆಯ್ತು ಮಾರಾಯ್ತಿ?" ಎಂದಳು ಅಮ್ಮ.

ಅಂದಿನಿಂದ ಹಾಜರಿ ಎಂದರೆ ಅವಳಿಗೆ ಶಿಕ್ಷೆ. ಉಳಿದ ಹೆಸರು ಸಲೀಸಾಗಿ ಕರೆದು, ಆ ಒಂದು ಹೆಸರಿನ ಹತ್ತಿರ ಬರುವಾಗ ಪೆನ್ನಿನ ಮುಚ್ಚಳ ಹಾಕಿ ತೆಗೆದು ತಡ ಮಾಡುತ್ತಿದ್ದಳು. ಕೆಲವು ದಿನ ಓ ಕೇಳುತ್ತಿತ್ತು, ಕೆಲವು ದಿನ ಕುಕ್ಕರಿನ ಸೀಟಿಯಲ್ಲೋ ಮಳೆಯಲ್ಲೋ ಮುಳುಗಿಹೋಗುತ್ತಿತ್ತು. ಎಲ್ಲಿಂದ ಬರುತ್ತದೆ ಎಂದು ತಿಳಿಯುವಷ್ಟು ಜೋರಾಗಿ ಅದು ಎಂದೂ ಇರಲಿಲ್ಲ.

ದೀಪಶ್ರೀಯ ಅವಸ್ಥೆ ಅದಕ್ಕಿಂತ ಕೆಟ್ಟದಿತ್ತು. ಅವಳಿಗೆ ಎಲ್ಲದರಲ್ಲೂ ಎರಡನೆಯದೇ. ಚೆಂಡೆ ಹಿಡಿಯಲು ಕರೆದರೆ ಕೈ ಚಾಚುವುದಿಲ್ಲ, ನಾಟಕದಲ್ಲಿ ಮಾತು ಬಂದರೆ ಇನ್ನೊಬ್ಬರು ನೆನಪಿಸುವ ತನಕ ಬಾಯಿ ಬಿಡುವುದಿಲ್ಲ. ಮಕ್ಕಳೇನೂ ಅವಳಿಗೆ ಕೆಟ್ಟದು ಮಾಡುತ್ತಿರಲಿಲ್ಲ ಪಾಪ. ಮೊದಲಿನವಳಿಗೆಂದು ಅವಳ ಪಕ್ಕ ಒಂದಿಷ್ಟು ಜಾಗ ಬಿಟ್ಟು ಕೂರುತ್ತಿದ್ದರು, ಅಷ್ಟೆ. ಹುಡುಗಿ ದಿನದಿಂದ ದಿನಕ್ಕೆ ಸೊರಗಿದಳು. ತಟ್ಟೆಯಲ್ಲಿ ಅನ್ನ ಬಿಡತೊಡಗಿದಳು.

ಧರ್ಣಪ್ಪನಿಗಂತೂ ತಲೆ ಚಿಟ್ಟು ಹಿಡಿದುಹೋಗಿತ್ತು. ಬೆಳ್ತಂಗಡಿಯಲ್ಲಿ ತಾಲೂಕು ಮಟ್ಟದ ಖೋ ಖೋ ಹತ್ತಿರ ಬರುತ್ತಿತ್ತು. "ಎಂತ ಓಟ ಗೊತ್ತುಂಟಾ ಟೀಚರ್ ಇವಳದ್ದು! ತಪ್ಪಿಸಿಕೊಂಡು ಓಡುವಾಗ ಒಬ್ಬರಿಗೂ ಸಿಗುವುದಿಲ್ಲ. ಅದೇ, ನಮ್ಮ ಬೆನ್ನಟ್ಟುವ ಸರದಿ ಬಂದು ಚೌಕದಲ್ಲಿ ಕೂರಿಸಿದ್ರೆ, ಕಲ್ಲು! ಹಿಂದಿನಿಂದ ಬೆನ್ನಿಗೆ ಹೊಡೆದು ಖೋ ಅಂದ್ರೂ ಏಳುವುದಿಲ್ಲ. ಈ ಆಟದಲ್ಲಿ ಎರಡೆರಡು ಸಲ ಖೋ ಹೇಳ್ಲಿಕ್ಕೆ ಉಂಟಾ? ಒಂದು ಸಲ ಹೇಳಿದ್ರೆ ಚಂಗಂತ ಏಳ್ಬೇಕು!"



ಒಂದು ಮಧ್ಯಾಹ್ನ ದೀಪಶ್ರೀ ತಾನಾಗಿಯೇ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತಳು. ಲಂಗದ ಅಂಚು ತಿರುಚುತ್ತಾ ಕೇಳಿದಳು: "ಟೀಚರ್, ನನ್ನ ಹೆಸರು ಬದಲಿಸಿ ಬರೆಯಬಹುದಾ?"

"ಯಾಕೆ ಮಗಾ? ಚಂದದ ಹೆಸರಲ್ವಾ?"

"ನನಗೆ ಬೇಡ. ಅವಳೇ ಇಟ್ಟುಕೊಳ್ಳಲಿ. ನನ್ನನ್ನು ಮಾವ ಆಟ ಮುಗಿದ ಮೇಲೆ ನರಿಕೊಂಬಿಗೆ ವಾಪಸ್ ಬಿಡ್ತಾರಂತೆ, ನಾನು ಊಟ ಮಾಡುವುದಿಲ್ಲಾಂತ. ಅಲ್ಲಿಯ ಶಾಲೆಯಲ್ಲಿ ಬೇರೆ ಹೆಸರು ಹೇಳ್ತೇನೆ." ತುಸು ತಡೆದು ಸೇರಿಸಿದಳು. "ನನ್ನ ಹೆಸರು ಕರೆದಾಗೆಲ್ಲ ಗೋಡೆಯ ಆಚೆ ಅಳುವುದು ಕೇಳ್ತದೆ ಟೀಚರ್. ಓ ಅಂತ ಹೇಳಿ, ಮತ್ತೆ ಅಳುವುದು. ನನಗೆ ಒಬ್ಬಳಿಗೇ ಕೇಳುವುದು, ನಾನು ಗೋಡೆ ಹತ್ತಿರ ಅಲ್ವಾ?"

ಹನ್ನೊಂದು ವರ್ಷದ ಮಗು ತನ್ನ ಹೆಸರನ್ನೇ ಬಿಟ್ಟುಕೊಡಲು ಹೊರಟಿದೆಯಲ್ಲ ಎಂದು ಶ್ರೀಪ್ರಿಯಾ ನೊಂದುಕೊಂಡಳು. ಅದರ ಹಿಂದೆಯೇ ಇನ್ನೊಂದು ಯೋಚನೆ ಬಂತು. ಗೋಡೆಯ ಆಚೆ ಏನಿದೆ? ಅಡುಗೆ ಕೋಣೆ. ಛೆ, ಇಷ್ಟು ದಿನ ನನ್ನ ಬುದ್ಧಿ ಎಲ್ಲಿ ಮೇಯಲು ಹೋಗಿತ್ತು ಎಂದು ತನ್ನನ್ನೇ ಬೈದುಕೊಂಡಳು.

ಮರುದಿನ ಏನೋ ನೆವ ಹೇಳಿ ಜತ್ತಪ್ಪನವರನ್ನು ಹಾಜರಿ ಕರೆಯಲು ಕ್ಲಾಸಿಗೆ ಕಳಿಸಿ, ತಾನು ಅಡುಗೆ ಕೋಣೆಯ ಬಾಗಿಲಲ್ಲಿ ನಿಂತಳು. ಪೂವಮ್ಮ ಬೆನ್ನು ಹಾಕಿ ನಿಂತು ಸಾಂಬಾರಿಗೆ ಹುಳಿ ಹಿಂಡುತ್ತಿದ್ದಳು. ಗೋಡೆಯ ಮೇಲ್ಗಡೆ ಗಾಳಿಗೆಂದು ಬಿಟ್ಟ ತೂತುಗಳಿಂದ ಹೆಡ್‌ಮಾಸ್ಟರ ದನಿ ಸ್ಪಷ್ಟವಾಗಿ ಕೇಳುತ್ತಿತ್ತು. ಒಂದೊಂದೇ ಹೆಸರು ಬಂತು. ದೀಪಶ್ರೀ ಎಂದರು. ಪೂವಮ್ಮ ಕೈ ನಿಲ್ಲಿಸಿ, ಗೋಡೆಯ ಕಡೆ ಮುಖ ಎತ್ತಿ, "ಓ" ಎಂದಳು. ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಚೆಯಿಂದ ಎರಡನೇ ಕರೆ, "ಯೆಸ್ ಸರ್" ಎಂಬ ಸಣ್ಣ ದನಿ. ಪೂವಮ್ಮ ಮತ್ತೆ ಹುಳಿ ಹಿಂಡತೊಡಗಿದಳು.

"ಪೂವಮ್ಮಕ್ಕ" ಎಂದಳು ಶ್ರೀಪ್ರಿಯಾ.

ಪೂವಮ್ಮ ಬೆಚ್ಚಲಿಲ್ಲ. ಎಂದಾದರೊಂದು ದಿನ ಯಾರಾದರೂ ಬರುತ್ತಾರೆಂದು ಗೊತ್ತಿದ್ದವಳ ಹಾಗೆ ಗ್ಯಾಸಿನ ಉರಿ ಸಣ್ಣ ಮಾಡಿದಳು. ಬೈಯಲೆಂದು ಬಂದ ಶ್ರೀಪ್ರಿಯಾ ಮೆಲ್ಲಗೆ ಕೇಳಿದಳು:

"ಮಗುವಿನ ಹೆಸರಿಗೆ ನೀವು ಯಾಕೆ ಓ ಅನ್ನುವುದು?"

"ಮೊದಲ ಕರೆಗೆ ಬಾಯಿ ಬಿಡಬೇಡ ಅಂತ ಅವಳಿಗೆ ಹೇಳಿಕೊಟ್ಟದ್ದೇ ನಾನು ಟೀಚರ್. ಅದೇ ಹೆಸರು, ಅದೇ ಕ್ಲಾಸು, ಅದೇ ಸಂಕದ ದಾರಿ. ನನಗೆ ಹೆದರಿಕೆ ಆಯ್ತು. ಕರೆಯುವಂಥದ್ದು ಯಾವುದಾದ್ರೂ ಕರೆದ್ರೆ ಓ ಅನ್ನಲಿಕ್ಕೆ ನಾನಿದ್ದೇನೆ. ಕೊಂಡುಹೋಗುವುದಾದ್ರೆ ನನ್ನನ್ನು ಕೊಂಡುಹೋಗಲಿ. ಆ ಮಗುವನ್ನು ಬಿಡಲಿ."

ಸತ್ತ ಮಗಳಿಗೆ ಜಾಗ ಹಿಡಿಯಲೆಂದು ಈ ಹೆಂಗಸು ಬದುಕಿರುವ ಮಗುವನ್ನು ಹಿಂದೆ ತಳ್ಳುತ್ತಿದ್ದಾಳೆ ಎಂದುಕೊಂಡಿದ್ದಳು ಶ್ರೀಪ್ರಿಯಾ. ಇದು ಕಾವಲು! ಅವಳು ಅಕ್ಕಿ ಮೂಟೆಯ ಮೇಲೆ ಕುಳಿತುಬಿಟ್ಟಳು.

"ಅವತ್ತು ಕರೆದದ್ದು ಯಾರು, ನಿಮಗೆ ಗೊತ್ತುಂಟಾ?" ಎಂದಳು ಪೂವಮ್ಮ, ಸಾಂಬಾರನ್ನೇ ನೋಡುತ್ತಾ. "ನಾನು. ಕೊಡೆ ಮರೆತು ಹೋಗಿದ್ದಳು. ಹಿಂದಿನಿಂದ ಓಡಿಕೊಂಡು ಹೋದೆ. ಅವಳು ಸಂಕದ ನಡುವೆ ಇದ್ದಳು. ದೀಪಾ ಅಂತ ಕರೆದೆ, ಒಂದೇ ಸಲ. ಓ ಅಂತ ಹೇಳಿ ಹಿಂದೆ ತಿರುಗಿದಳು. ತಿರುಗಿದ್ದು ಮಾತ್ರ ಟೀಚರ್. ಮತ್ತೆ ಸಂಕದ ಮೇಲೆ ಯಾರೂ ಇರ್ಲಿಲ್ಲ."

ಕುಕ್ಕರ್ ಸೀಟಿ ಹೊಡೆಯಿತು. ಮಗಳು ಹೋದ ಮೇಲೆ ಪೂವಮ್ಮ ಯಾರ ಹೆಸರನ್ನೂ ಹಿಡಿದು ಕರೆದದ್ದಿಲ್ಲ. ಮಕ್ಕಳನ್ನು ಊಟಕ್ಕೆ ಕರೆಯುವುದಾದರೂ ತಟ್ಟೆ ಬಡಿದು ಕರೆಯುತ್ತಿದ್ದಳು. ಶ್ರೀಪ್ರಿಯಾ ಅದನ್ನು ನೋಡಿದ್ದಳು, ಅಡುಗೆಯವರ ಅಭ್ಯಾಸ ಎಂದುಕೊಂಡಿದ್ದಳು.

"ನಿಮ್ಮ ಮಗಳೇ ಓ ಅನ್ನುವುದು ಅಂತ ಮಕ್ಕಳು ತಿಳಿದಿದ್ದಾರೆ."

"ಗೊತ್ತುಂಟು." ಎಂದಳು ಪೂವಮ್ಮ. "ಮೊದಲು ಕೇಳಿದಾಗ ಎದೆ ಒಡೆದ ಹಾಗಾಯ್ತು. ಮತ್ತೆ, ಹಾಗಾದ್ರೂ ಅವಳು ಕ್ಲಾಸಿನಲ್ಲಿ ಉಂಟಲ್ಲಾಂತ ಆಯ್ತು. ನಾನು ನಿಲ್ಲಿಸಿದ್ರೆ ಅವಳು ಎಲ್ಲಿಯೂ ಇಲ್ಲ."

"ಇವಳು ತನಗೆ ಹೆಸರೇ ಬೇಡ ಅಂತಿದ್ದಾಳೆ ಪೂವಮ್ಮಕ್ಕ. ಇಲ್ಲಿಂದ ಹೋಗ್ತೇನೆ, ಬೇರೆ ಹೆಸರಿಟ್ಟುಕೊಳ್ತೇನೆ ಅಂತ."

ಪೂವಮ್ಮ ಗ್ಯಾಸು ಆರಿಸಿ ಅವಳ ಕಡೆ ತಿರುಗಿದಳು. "ಹೆಸರು ಬೇಡ ಅಂತಾ? ಅಯ್ಯೋ ದೇವರೇ, ನಾನು ಹಾಗೆ ಎಣಿಸ್ಲಿಲ್ಲ. ನಾಳೆಯಿಂದ ಬಾಯಿ ಮುಚ್ಚಿಕೊಳ್ತೇನೆ ಟೀಚರ್. ಮಕ್ಕಳಿಗೆ ಮಾತ್ರ ಹೇಳಬೇಡಿ."

ಶ್ರೀಪ್ರಿಯಾ ಹೇಳಲಿಲ್ಲ. ಹೇಳಿದ್ದರೆ ಮಕ್ಕಳ ಹೆದರಿಕೆ ಒಂದೇ ದಿನದಲ್ಲಿ ಬಿಡುತ್ತಿತ್ತು, ನಿಜ. ಆದರೆ ಆ ಹೆಂಗಸು ಮತ್ತೆ ಆ ಅಡುಗೆ ಕೋಣೆಗೆ ಕಾಲಿಡುತ್ತಿರಲಿಲ್ಲ. ಮರುದಿನ ಹೆಸರು ಕರೆದಾಗ ಗೋಡೆಯಾಚೆ ಮೌನವಿತ್ತು. ಹೊರಗೆ ಕಾಗೆ ಕೂಗಿತು. ದೀಪಶ್ರೀ ಕಾಯುತ್ತಿದ್ದಳು, ಕ್ಲಾಸೇ ಕಾಯುತ್ತಿತ್ತು, ಶ್ರೀಪ್ರಿಯಾಳೂ ಕಾಯುತ್ತಿದ್ದಳು. ಆಮೇಲೆ ಬಟ್ಟೆ ತುರುಕಿದ ಬಾಯಿಂದ ಬಂದಂತೆ ಆ ಓ ಬಂತು. ಸಾಕ್ಷಾತ್ ಮನುಷ್ಯರ ದನಿ ಎಂದು ತಿಳಿದೂ ಶ್ರೀಪ್ರಿಯಾ ಬಾಗಿಲ ಕಡೆ ನೋಡಿದಳು. ಊಟದ ಹೊತ್ತಿಗೆ ಪೂವಮ್ಮ ಅವಳ ತಟ್ಟೆಗೆ ಬಡಿಸುತ್ತಾ ಪಿಸುಗುಟ್ಟಿದಳು: "ನಾನು ಹೇಳುವುದಲ್ಲ ಟೀಚರ್, ತಾನಾಗಿ ಬರ್ತದೆ."

ಬೆಳ್ತಂಗಡಿಗೆ ಹೋಗುವ ದಿನ ನೀರಪಲ್ಕೆಯ ಅರ್ಧ ಊರೇ ಹೊರಟಿತು. ಟೈಲರು ಹೊಲಿದುಕೊಟ್ಟ ನೀಲಿ ಬನಿಯನ್ನು ತೊಟ್ಟ ಹುಡುಗಿಯರು ಎರಡು ಜೀಪಿನಲ್ಲಿ, ತಾಯಂದಿರು ಬಸ್ಸಿನಲ್ಲಿ. ಬರುವುದೇ ಇಲ್ಲ ಎಂದು ಹಟ ಹಿಡಿದಿದ್ದ ಪೂವಮ್ಮನನ್ನು, "ಮಕ್ಕಳಿಗೆ ಮಜ್ಜಿಗೆ ನೀರು ಯಾರು ಕೊಡುವುದು? ನಿಮ್ಮ ಹಾಗೆ ಶುಂಠಿ ಹಾಕಿ ಮಾಡ್ಲಿಕ್ಕೆ ನನಗೆ ಬರ್ತದಾ?" ಎಂದು ಶ್ರೀಪ್ರಿಯಾಳೇ ಎಬ್ಬಿಸಿಕೊಂಡು ಬಂದಿದ್ದಳು. ಹುಕ್ರಪ್ಪ ಸೋದರಸೊಸೆಯ ಬಟ್ಟೆಬರೆಯ ಚೀಲವನ್ನೂ ತಂದಿದ್ದ. ಆಟ ಮುಗಿದ ಕೂಡಲೇ ನರಿಕೊಂಬಿಗೆ ಹೋಗಲು ಬಂಟ್ವಾಳದ ಬಸ್ಸು ಹತ್ತಿಸುವುದೆಂದು ಹೇಳಿದ. ಆ ಚೀಲ ನೋಡಿ ಶ್ರೀಪ್ರಿಯಾಳಿಗೆ ಅಳು ಬಂತು.

ಮೊದಲ ಆಟಗಳಲ್ಲಿ ಹೇಗೋ ದಾಟಿದರು. ಫೈನಲಿನಲ್ಲಿ ಎದುರು ತಂಡದವರು ಬುದ್ಧಿವಂತರು. ಬೆನ್ನಟ್ಟುವ ಸರದಿಯಲ್ಲಿ ದೀಪಶ್ರೀ ಏಳುವುದು ತಡ ಎಂದು ಅವರಿಗೆ ಬೇಗನೆ ಗೊತ್ತಾಗಿಬಿಟ್ಟಿತು. "ಆ ಕಲ್ಲಿನ ಹತ್ತಿರವೇ ಓಡಿ!" ಎಂದು ಅವರ ಮಾಸ್ಟ್ರು ಹೊರಗಿನಿಂದ ಕೂಗುತ್ತಿದ್ದರು. ನೀರಪಲ್ಕೆಯ ಹುಡುಗಿಯರು ಬೆವರಿಳಿಸಿ ಬೆನ್ನಟ್ಟಿ ತಂದರೆ, ಅವಳ ಚೌಕದ ಹತ್ತಿರ ಬಂದು ಎಲ್ಲ ಮಣ್ಣುಪಾಲು.

ವಿರಾಮ ಬಂತು. "ಇವಳನ್ನು ಹೊರಗೆ ಕೂರಿಸುವ ಟೀಚರ್" ಎಂದ ಧರ್ಣಪ್ಪ. ಅವನ ಕಣ್ಣೂ ಕೆಂಪಾಗಿತ್ತು. "ನನಗೆ ಸಿಟ್ಟಿಲ್ಲ, ದೇವರಾಣೆ. ಉಳಿದ ಮಕ್ಕಳ ಮುಖ ನೋಡ್ಲಿಕ್ಕೆ ಆಗುವುದಿಲ್ಲ."

ಶ್ರೀಪ್ರಿಯಾ ಹುಡುಗಿಯ ಎದುರು ಕುಕ್ಕರುಗಾಲಿನಲ್ಲಿ ಕುಳಿತಳು. ಪೂವಮ್ಮ ಲೋಟ ಹಿಡಿದುಕೊಂಡು ಅವರ ಪಕ್ಕಕ್ಕೆ ಬಂದಳು.

"ಯಾಕೆ ಮಗಾ ಏಳುವುದಿಲ್ಲ?"

"ಏಳ್ಬೇಕೂಂತ ಉಂಟು ಟೀಚರ್." ಎಂದಳು ದೀಪಶ್ರೀ. "ಇಲ್ಲಿ ಗೋಡೆ ಇಲ್ಲ. ಖೋ ಅಂದ ಮೇಲೆ ಯಾರೂ ಓ ಅನ್ನುವುದಿಲ್ಲ. ಯಾರಾದ್ರೂ ಮೊದಲು ಹೇಳದೆ ನಾನು ಹೇಗೆ ಏಳುವುದು?"

ಪೂವಮ್ಮ ಮಜ್ಜಿಗೆ ನೀರನ್ನು ಹುಡುಗಿಗೆ ಕುಡಿಸಿ, ಬಾಯಿ ಒರೆಸಿ, ಗೆರೆಯಾಚೆ ಹೋಗಿ ನಿಂತಳು.

"ಅವಳು ಕೂರಲಿ ಧರ್ಣಪ್ಪಣ್ಣ" ಎಂದಳು ಶ್ರೀಪ್ರಿಯಾ. "ಸೋತರೆ ಬೈಗಳು ನನಗಿರಲಿ." ಧರ್ಣಪ್ಪ ತಲೆ ಮೇಲೆ ಕೈ ಹೊತ್ತು ಕುಳಿತ.

ಕೊನೆಯ ಸರದಿ. ದೀಪಶ್ರೀ ಅತ್ತ ಮುಖ ಮಾಡಿ ಕುಳಿತಿದ್ದಳು, ನೋಡಲು ಬಂದ ನೀರಪಲ್ಕೆಯವರು ಗೆರೆಯಾಚೆ ಅವಳ ಬೆನ್ನ ಹಿಂದಿದ್ದರು. ಎದುರು ತಂಡದ ಉದ್ದ ಜಡೆಯ ಹುಡುಗಿ ನಗುತ್ತಾ ಕಲ್ಲಿನ ಮುಂದೆಯೇ ಸುಳಿದಳು. ಹಿಂದಿನಿಂದ ಶುಭಶ್ರೀ ಓಡಿ ಬಂದು ಬೆನ್ನಿಗೆ ಹೊಡೆದು "ಖೋ!" ಎಂದು ಕಿರುಚಿದಳು. ದೀಪಶ್ರೀ ಏಳಲಿಲ್ಲ. ಬೆರಳು ಮಾತ್ರ ಮಣ್ಣಿನಲ್ಲಿ ಊರಿದ್ದವು. ಶ್ರೀಪ್ರಿಯಾ ಪಕ್ಕಕ್ಕೆ ನೋಡಿದಳು. ಪೂವಮ್ಮನ ಬಾಯಿ ಓ ಎನ್ನಲು ತೆರೆದಿತ್ತು. ಬೇಡ, ಇವತ್ತು ನೀವು ಓ ಎಂದರೆ ಈ ಹುಡುಗಿ ಬದುಕಿಡೀ ಅದಕ್ಕೇ ಕಾಯುತ್ತಾಳೆ ಎಂದು ಶ್ರೀಪ್ರಿಯಾಳಿಗೆ ಕೂಗಬೇಕೆನಿಸಿತು.

"ದೀಪಾ!" ಎಂದಳು ಪೂವಮ್ಮ. "ಓಡು!"

ನೀರಪಲ್ಕೆಯವರೆಲ್ಲ ಅವಳ ಕಡೆ ನೋಡಿದರು. ಧರ್ಣಪ್ಪ ಎದ್ದು ನಿಂತ. ಆ ಹೆಸರು ಆ ಬಾಯಿಯಿಂದ ಎರಡು ಮಳೆಗಾಲದ ಹಿಂದೆ ಬಂದದ್ದು, ಆಮೇಲೆ ಯಾರೂ ಕೇಳಿರಲಿಲ್ಲ. ಕರೆದದ್ದೇ ಪೂವಮ್ಮ ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡು ನೆಲಕ್ಕೆ ಕುಸಿದಳು. ಅವಳು ಬೆಳ್ತಂಗಡಿಯ ಮೈದಾನದಲ್ಲಿ ಇರಲಿಲ್ಲ. ಸಂಕದ ಈಚೆ, ಕೊಡೆ ಹಿಡಿದುಕೊಂಡು ನಿಂತಿದ್ದಳು.

"ತಿರುಗಿದಳಾ?" ಎಂದು ಕೇಳಿದಳು. "ಟೀಚರ್, ತಿರುಗಿದಳಾ?"

"ಇಲ್ಲ ಪೂವಮ್ಮಕ್ಕ."

"ಸರಿಯಾಗಿ ನೋಡಿ ಹೇಳಿ. ತಿರುಗಿದಳಾ?"

"ಇಲ್ಲ, ಓಡ್ತಾ ಇದ್ದಾಳೆ! ಜಡೆಯವಳನ್ನು ಹಿಡಿದಳು, ನೋಡಿ, ಕಣ್ಣು ಬಿಡಿ!" ಶ್ರೀಪ್ರಿಯಾ ಅಳುತ್ತಾ ನಗುತ್ತಾ ಅವಳ ಭುಜ ಹಿಡಿದು ಅಲ್ಲಾಡಿಸಿದಳು. ಪೂವಮ್ಮ ಕಣ್ಣು ಬಿಡಲಿಲ್ಲ. ಸೀಟಿ ಊದಿ, ಜನ ಚಪ್ಪಾಳೆ ತಟ್ಟಿ, ಆಟ ಪೂರ್ತಿ ಮುಗಿಯುವ ತನಕವೂ ಹಾಗೇ ಕುಳಿತಿದ್ದಳು.

ಆಟದಲ್ಲಿ ಸೋತರು. ಕೂದಲೆಳೆಯಷ್ಟರಲ್ಲಿ ಸೋತದ್ದು, ಧರ್ಣಪ್ಪ ರೆಫ್ರಿಯ ಹತ್ತಿರ ಇನ್ನೂ ಜಗಳ ಮಾಡುತ್ತಿದ್ದ. ಹುಕ್ರಪ್ಪ ಚೀಲ ಹಿಡಿದುಕೊಂಡು ಸೊಸೆಯ ಹತ್ತಿರ ಹೋದ. ಅವಳು ಆ ಚೀಲವನ್ನು ಕಣ್ಣೆತ್ತಿಯೂ ನೋಡದೆ, "ನನಗೆ ನಾಳೆ ಚೆಂಡೆ ಕ್ಲಾಸ್ ಉಂಟು ಮಾವ" ಎಂದು ಹೇಳಿ ದಾಟಿ ಬಂದಳು. ಮೊಣಕಾಲು ಕೆತ್ತಿಹೋಗಿತ್ತು. ಮುಖ ಕೆಂಪು ಕೆಂಪಾಗಿತ್ತು. ಇನ್ನೂ ಏದುಸಿರು ಬಿಡುತ್ತಾ ಪೂವಮ್ಮನ ಮುಂದೆ ನಿಂತಳು.

"ಪೂವಮ್ಮಕ್ಕ, ನೀವು ಕರೆದದ್ದು ನನಗೆ ಒಂದೇ ಸಲಕ್ಕೆ ಕೇಳಿತು. ತಿರುಗಿ ನೋಡ್ಲಿಲ್ಲಾಂತ ಬೇಜಾರು ಮಾಡ್ಬೇಡಿ, ಆಯ್ತಾ? ಎದ್ದ ಮೇಲೆ ಹಿಂದೆ ತಿರುಗಿದ್ರೆ ಫೌಲ್."

ಪೂವಮ್ಮ ಕಣ್ಣು ಬಿಟ್ಟಳು. ಹುಡುಗಿಯ ಮುಖವನ್ನು, ಬೆವರಿಗೆ ಅಂಟಿದ ಕೂದಲನ್ನು, ರಕ್ತ ಒಸರುವ ಮೊಣಕಾಲನ್ನು ಒಂದೊಂದಾಗಿ ನೋಡಿದಳು. ಅವಳನ್ನು ಎಳೆದು ಅಪ್ಪಿಕೊಂಡು, ಊರಿನವರೆಲ್ಲರ ಎದುರು, ಇಷ್ಟು ದಿನ ಗೋಡೆಯ ಹಿಂದೆ ಅತ್ತದ್ದನ್ನು ಈಗ ಬಾಯಿಬಿಟ್ಟು ಅತ್ತಳು.

"ನನ್ನ ದೀಪ ಇರುವಾಗ ಈ ಆಟ ಇರ್ಲಿಲ್ಲ ಮಗಾ" ಎಂದಳು. "ತಿರುಗಬಾರದು ಅಂತ ಅವಳಿಗೆ ಯಾರೂ ಹೇಳಿಕೊಡ್ಲಿಲ್ಲ."